ಸಿನಿಮಾದ ಲಿವರ್ ರೈಫಲ್, ಹೊಲದ ಕೇಪಿನ ಕೋವಿ: ತುಂಬುವುದು ಹೇಗೆ, ಗುರಿ ಹಿಡಿಯುವುದು ಹೇಗೆ, ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಮಳೆಗಾಲ ಮುಗಿದು ಭತ್ತ ತೆನೆ ಕಟ್ಟುವ ಹೊತ್ತಿಗೆ ಹಳಿಯಾಳ, ಮುಂಡಗೋಡದ ಹೊಲಗಳತ್ತ ದಾಂಡೇಲಿ ಕಾಡಿನ ಆನೆಗಳು ಹೊರಡುತ್ತವೆ. ಕಬ್ಬು, ಗೋವಿನಜೋಳ ಇದ್ದಲ್ಲಿ ಕಾಡುಹಂದಿ ವರ್ಷವಿಡೀ ಬರುತ್ತದೆ. ಜೋಯಿಡಾದಲ್ಲಿ ಅಡಿಕೆ ತೋಟ, ಗೆಡ್ಡೆಗೆಣಸಿನ ಮಡಿ ಉಳಿಸಿಕೊಳ್ಳಲು ಜನ ರಾತ್ರಿ ನಿದ್ದೆಗೆಡುತ್ತಾರೆ. ಇದೇ ಹೊತ್ತಿಗೆ ಮೊಬೈಲುಗಳಲ್ಲಿ ಕೋವಿಯ ಬಗ್ಗೆ ಸಂದೇಶಗಳು ಓಡಾಡಲು ಶುರುವಾಗುತ್ತವೆ. 'ರೈತರಿಗೆ ಲೈಸೆನ್ಸ್ ಬೇಕಿಲ್ಲ', 'ಬೆಳೆಗೆ ಬಂದ ಹಂದಿ ಹೊಡೆದರೆ ಕೇಸಿಲ್ಲ', 'ಗಾಳಿಯಲ್ಲಿ ಗುಂಡು ಹಾರಿಸಿದರೆ ಯಾರಿಗೂ ಅಪಾಯವಿಲ್ಲ'. ಜೊತೆಗೆ ಹಾಲಿವುಡ್ ನಾಯಕ ಒಂದೇ ಕೈಯಲ್ಲಿ ಲಿವರ್ ರೈಫಲ್ ತಿರುಗಿಸಿ ಗುಂಡು ತುಂಬುವ ವಿಡಿಯೋ ತುಣುಕು.

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ನಂಬಿ ನಡೆದರೆ ಜೈಲು, ಇಲ್ಲವೇ ಜೀವ. ಹಂದಿ ಎಂದು ತಿಳಿದು ಹಾರಿಸಿದ ಈಡು ಮನುಷ್ಯರಿಗೆ ತಗುಲಿದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆದ್ದರಿಂದ ಕೋವಿ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿಂದ ಶುರು ಮಾಡಿ, ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ.

ಪರವಾನಗಿಯ ಆ ನಾಲ್ಕು ಅಕ್ಷರಗಳು

ಮನೆಯಲ್ಲಿ ಕೋವಿ ಪರವಾನಗಿ ಇದ್ದರೆ ತೆರೆದು ನೋಡಿ. ಎಸ್‌ಬಿಎಂಎಲ್, ಎಸ್‌ಬಿಬಿಎಲ್ ಅಥವಾ ಡಿಬಿಬಿಎಲ್ ಎಂದು ಬರೆದಿರುತ್ತದೆ. ಬಹಳ ಜನ ಇದನ್ನು ಕಂಪನಿ ಹೆಸರು ಎಂದುಕೊಂಡಿದ್ದಾರೆ. ಹಾಗಲ್ಲ. ಕೋವಿಗೆ ಎಷ್ಟು ನಳಿಗೆ, ಅದನ್ನು ಯಾವ ಕಡೆಯಿಂದ ತುಂಬಬೇಕು ಎನ್ನುವುದನ್ನು ಈ ಅಕ್ಷರಗಳು ಹೇಳುತ್ತವೆ.

ಎಸ್‌ಬಿಎಂಎಲ್ ಎಂದರೆ ಸಿಂಗಲ್ ಬ್ಯಾರಲ್ ಮಜಲ್ ಲೋಡಿಂಗ್. ಒಂದೇ ನಳಿಗೆ, ಬಾಯಿಯ ಕಡೆಯಿಂದ ತುಂಬುವುದು. ನಮ್ಮ ಊರುಗಳ ಕೇಪಿನ ಕೋವಿ ಇದೇ. ಎಸ್‌ಬಿಬಿಎಲ್ ಎಂದರೆ ಒಂಟಿ ನಳಿಗೆಯದು, ಹಿಂಬದಿಯಿಂದ ತುಂಬುವುದು. ಡಿಬಿಬಿಎಲ್ ಎಂದರೆ ಜೋಡಿ ನಳಿಗೆಯದು, ಅದೂ ಹಿಂಬದಿಯಿಂದಲೇ. ಇವೆರಡನ್ನು ಜನ ತೋಟೆ ಕೋವಿ ಎನ್ನುತ್ತಾರೆ.

ತುಂಬುವ ಬಗೆಯನ್ನು ಸರ್ಕಾರ ಇಷ್ಟು ಗಮನಿಸಲು ಕಾರಣವಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಂ ಬೆಳೆ ರಕ್ಷಣೆಗೆ ಕೊಡುವ ಪರವಾನಗಿಯಲ್ಲಿ ಮೊದಲು ಹೆಸರಿಸುವುದೇ ಬಾಯಿಂದ ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯವಾದ ನಳಿಗೆಯ ಕೋವಿ ಕೊಡಬಹುದು. ಅದರ ನಳಿಗೆ 20 ಇಂಚಿಗಿಂತ ಕಡಿಮೆ ಇರುವಂತಿಲ್ಲ. ಒಂದು ಈಡು ಹಾರಿಸಿ ಮತ್ತೊಂದು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದರ ಮೇಲೆ ಆಯುಧದ ಅಪಾಯ ಹೆಚ್ಚು ಕಡಿಮೆಯಾಗುತ್ತದೆ, ಅದಕ್ಕೇ ಈ ವಿಂಗಡಣೆ.

ಕೇಪಿನ ಕೋವಿ: ಒಳಗೇನಿದೆ ಎಂದು ಹೊರಗೆ ಕಾಣದು

ಕೇಪಿನ ಕೋವಿಯಲ್ಲಿ ಮದ್ದು, ಅದನ್ನು ಒತ್ತಿ ಹಿಡಿಯುವ ಬಿರಡೆ, ಚರೆ ಎಲ್ಲವೂ ನಳಿಗೆಯ ಬಾಯಿಂದಲೇ ಒಳಹೋಗಬೇಕು. ಗಜ ಎನ್ನುವ ಉದ್ದ ಸಲಾಕೆಯಿಂದ ಅವನ್ನು ಒಳಗೆ ಜಡಿಯುತ್ತಾರೆ. ಹಿಂಬದಿಯ ಸಣ್ಣ ಮೊಲೆಯಂಥ ಭಾಗದ ಮೇಲೆ ಕೇಪು ಕೂರುತ್ತದೆ. ಕುದುರೆ ಬಂದು ಕೇಪಿಗೆ ಬಡಿದಾಗ ಕಿಡಿ ಒಳಗೆ ಹಾರಿ ಮದ್ದು ಉರಿಯುತ್ತದೆ. ಹುಟ್ಟಿದ ಅನಿಲದ ಒತ್ತಡ ಚರೆಯನ್ನು ಹೊರಗೆ ತಳ್ಳುತ್ತದೆ.

ಈ ಕೋವಿಯ ದೊಡ್ಡ ತೊಂದರೆ ಎಂದರೆ, ತುಂಬಿದೆಯೋ ಖಾಲಿಯೋ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಹಿಂಬದಿ ತೆರೆದುಕೊಳ್ಳುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟಿಸ್‌ಬರ್ಗ್ ಕಾಳಗದ ನಂತರ ರಣರಂಗದಿಂದ ಆಯ್ದ 27 ಸಾವಿರಕ್ಕೂ ಹೆಚ್ಚು ಕೋವಿಗಳಲ್ಲಿ ಸುಮಾರು 24 ಸಾವಿರ ತುಂಬಿಯೇ ಇದ್ದವು ಎಂದು ಅಲ್ಲಿನ ಸೇನೆಯ ವರದಿ ಹೇಳಿತು. ಅವುಗಳಲ್ಲಿ ಸಾವಿರಾರು ಕೋವಿಗಳಲ್ಲಿ ಒಂದರ ಮೇಲೊಂದು ಎರಡು, ಮೂರು ಸಲದ ಮದ್ದುಗುಂಡು ಇತ್ತು. ಗದ್ದಲದಲ್ಲಿ ಮೊದಲ ಈಡು ಹಾರಲೇ ಇಲ್ಲ ಎಂಬುದು ಸೈನಿಕರಿಗೆ ಗೊತ್ತಾಗಿರಲಿಲ್ಲ. ತರಬೇತಾದ ಸೈನಿಕನಿಗೇ ಹೀಗಾದರೆ, ಕತ್ತಲಲ್ಲಿ ಮಾಳದ ಮೇಲೆ ಕೂತವರಿಗೆ ಆಗದೆ ಇರುತ್ತದೆಯೇ? ಎರಡು ಸಲದ ಮದ್ದು ಒಟ್ಟಿಗೆ ಹೊತ್ತಿಕೊಂಡರೆ ಹಳೆಯ ನಳಿಗೆ ಸೀಳಿ ಕೈಬೆರಳು, ಕಣ್ಣು ಹೋಗಬಹುದು.

ಎರಡನೆಯ ತೊಂದರೆ ನಮ್ಮ ಮಳೆ. ಕಪ್ಪು ಮದ್ದು ತೇವ ಹೀರುತ್ತದೆ. ತೇವಗೊಂಡ ಮದ್ದು ಹೊತ್ತದೇ ಇರಬಹುದು, ಅಥವಾ ಕೇಪು ಬಡಿದು ಒಂದೆರಡು ಕ್ಷಣ ಕಳೆದ ಮೇಲೆ ಹೊತ್ತಬಹುದು. 'ಹಾರಲಿಲ್ಲ' ಎಂದು ನಳಿಗೆಯ ಬಾಯಿಗೆ ಮುಖ ಕೊಟ್ಟು ನೋಡುವವರು ಸಾಯುವುದು ಈ ಕ್ಷಣದಲ್ಲೇ. ಉರಿದ ಮದ್ದಿನ ಮಸಿಯೂ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ತುಕ್ಕು ತಿಂದ ನಳಿಗೆ ಒತ್ತಡ ತಡೆಯದು. ಅಜ್ಜನ ಕಾಲದ ಕೋವಿ 'ಗಟ್ಟಿ' ಎನ್ನುವ ಮಾತನ್ನು ಹಾಗೇ ನಂಬುವಂತಿಲ್ಲ.

ತೋಟೆ ಕೋವಿ: ಎಲ್ಲ ಒಂದೇ ಪೊಟ್ಟಣದಲ್ಲಿ

ತೋಟೆಯಲ್ಲಿ ಕೇಪು, ಮದ್ದು, ಬಿರಡೆ, ಚರೆ ಎಲ್ಲವೂ ಕಾರ್ಖಾನೆಯಲ್ಲೇ ಅಳತೆಯಾಗಿ ಒಂದು ಕೊಳವೆಯೊಳಗೆ ಕೂತಿರುತ್ತವೆ. ಕೋವಿಯನ್ನು ನಡುವೆ ಮಡಚಿದರೆ ನಳಿಗೆಯ ಹಿಂಬದಿ ತೆರೆಯುತ್ತದೆ. ತುಂಬಿದೆಯೋ ಇಲ್ಲವೋ ಕಣ್ಣಾರೆ ನೋಡಬಹುದು. ಸುರಕ್ಷತೆಯಲ್ಲಿ ಇದೇ ದೊಡ್ಡ ವ್ಯತ್ಯಾಸ.

ಇಲ್ಲಿ '12 ಬೋರ್' ಎಂಬ ಮಾತು ಬರುತ್ತದೆ. 12 ಎಂದರೆ 12 ಮಿಲಿಮೀಟರ್ ಅಲ್ಲ, 12 ಗುಂಡು ಹಿಡಿಯುತ್ತದೆ ಎಂದೂ ಅಲ್ಲ. ಆ ನಳಿಗೆಗೆ ಸರಿಹೊಂದುವ ಸೀಸದ ಉಂಡೆಗಳನ್ನು ತೂಗಿದರೆ 12 ಉಂಡೆಗೆ ಒಂದು ಪೌಂಡ್ ಆಗುತ್ತದೆ ಎಂದರ್ಥ. ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರ್.

ಲಿವರ್ ರೈಫಲ್: ಸಿನಿಮಾದಲ್ಲಿ ಕಾಣುವುದು ಇದು

ಲಿವರ್ ರೈಫಲ್‌ನಲ್ಲಿ ಟ್ರಿಗರಿನ ಸುತ್ತ ಬಳೆಯಂಥ ಹಿಡಿ ಇರುತ್ತದೆ. ಅದನ್ನು ಕೆಳಗೆ ತಳ್ಳಿದರೆ ಖಾಲಿ ತೋಟೆ ಹೊರಬೀಳುತ್ತದೆ, ಕುದುರೆ ಏರುತ್ತದೆ. ಮೇಲೆ ಎಳೆದರೆ ಹೊಸ ತೋಟೆ ನಳಿಗೆಗೆ ಸೇರುತ್ತದೆ. ತೋಟೆಗಳು ನಳಿಗೆಯ ಕೆಳಗಿನ ಇನ್ನೊಂದು ಕೊಳವೆಯಲ್ಲಿ ಸಾಲಾಗಿ ಮಲಗಿರುತ್ತವೆ.

ಈ ಕೊಳವೆಯನ್ನು ತುಂಬುವ ಬಗೆಯೇ ಕಾಲಕ್ಕೆ ತಕ್ಕಂತೆ ಬದಲಾಯಿತು. ಅಮೆರಿಕದ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಹಕ್ಕುಸ್ವಾಮ್ಯ ಪಡೆದ ರೈಫಲ್‌ನಲ್ಲಿ ಕೊಳವೆಯ ಮುಂಭಾಗ ತೆರೆದು ತೋಟೆ ಇಳಿಸಬೇಕಿತ್ತು. ಕೊಳವೆಯಲ್ಲಿದ್ದ ಉದ್ದ ಸೀಳಿನಿಂದ ಧೂಳು, ಮಣ್ಣು ಒಳಸೇರುತ್ತಿತ್ತು. 1866ರ ವಿಂಚೆಸ್ಟರ್‌ನಲ್ಲಿ ನೆಲ್ಸನ್ ಕಿಂಗ್ ಪಕ್ಕದಲ್ಲೊಂದು ಸ್ಪ್ರಿಂಗ್ ಬಾಗಿಲು ಇಟ್ಟ. ಅಲ್ಲಿಂದ ತೋಟೆಗಳನ್ನು ಒಂದೊಂದಾಗಿ ತಳ್ಳಿದರಾಯಿತು. ಕೊಳವೆಗೂ ಮುಚ್ಚಳ ಸಿಕ್ಕಿತು. 1873 ಮತ್ತು 1894ರ ಹೆಸರಾಂತ ಮಾದರಿಗಳಲ್ಲೂ ಇದೇ ಬಾಗಿಲು ಇದೆ.

ಕೊಳವೆಗೆ ಒಂದು ಮಿತಿಯಿದೆ. ಒಂದು ತೋಟೆಯ ಮೂತಿ ಮುಂದಿನ ತೋಟೆಯ ಕೇಪಿಗೆ ತಾಗಿಕೊಂಡು ಕೂತಿರುತ್ತದೆ. ಮೂತಿ ಚೂಪಾಗಿದ್ದರೆ ಗುಂಡು ಹಾರುವಾಗಿನ ಕುಲುಕಾಟಕ್ಕೆ ಒಳಗೇ ಸಿಡಿಯುವ ಭಯ. ಅದಕ್ಕೇ ಇಂಥ ರೈಫಲ್‌ಗಳಿಗೆ ಮೊಂಡು ಮೂತಿಯ ಗುಂಡು. ಚೂಪು ಗುಂಡಿಗಾಗಿ 1895ರ ವಿಂಚೆಸ್ಟರ್ ಪೆಟ್ಟಿಗೆಯಂಥ ಮ್ಯಾಗಜಿನ್ ತಂದಿತು. ಸ್ಯಾವೇಜ್ ಕಂಪನಿ 1899ರ ಮಾದರಿಯಲ್ಲಿ ತಿರುಗುವ ಮ್ಯಾಗಜಿನ್ ಬಳಸಿತು.

ಇನ್ನು ಒಂದೇ ಕೈಯಲ್ಲಿ ತಿರುಗಿಸುವ ಆಟ. 1939ರ 'ಸ್ಟೇಜ್‌ಕೋಚ್' ಚಿತ್ರದಲ್ಲಿ ಜಾನ್ ವೇಯ್ನ್, 1991ರ 'ಟರ್ಮಿನೇಟರ್ 2'ರಲ್ಲಿ ಅರ್ನಾಲ್ಡ್ ಷ್ವಾರ್ಜ್‌ನೆಗರ್ ಇದನ್ನು ಮಾಡಿದರು. ಚಿತ್ರಕ್ಕಾಗಿ ಹಿಡಿಯ ಬಳೆಯನ್ನು ದೊಡ್ಡದು ಮಾಡಲಾಗಿತ್ತು. ತುಂಬಿದ ರೈಫಲ್‌ನಲ್ಲಿ ಹೀಗೆ ಮಾಡಿದರೆ ನಳಿಗೆಯ ಬಾಯಿ ತಿರುಗಿಸುವವನ ಮುಖ, ಪಕ್ಕದವರ ಎದೆ ಎಲ್ಲದರ ಮುಂದೆ ಹಾದುಹೋಗುತ್ತದೆ. ಕೇಪಿನ ಕೋವಿ, ತೋಟೆ ಕೋವಿಗಳಲ್ಲಿ ಲಿವರೇ ಇಲ್ಲ. ಅಲ್ಲಿ ಈ ಆಟಕ್ಕೆ ಅರ್ಥವೂ ಇಲ್ಲ.

'ಬೆಳೆ ರಕ್ಷಣೆಗೆ ಲಿವರ್ ರೈಫಲ್ ಸಿಗುತ್ತದೆ' ಎಂಬ ಮಾತನ್ನೂ ಇಲ್ಲೇ ಪರೀಕ್ಷಿಸಬಹುದು. ರೈಫಲ್‌ನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ದೂರಕ್ಕೆ ನೇರ ಕಳಿಸುತ್ತವೆ. ಬೆಳೆ ರಕ್ಷಣೆಗೆ ಕಾನೂನು ಹೇಳುವುದು ಬಾಯಿಂದ ತುಂಬುವ ಕೋವಿ ಅಥವಾ ಗೀರಿಲ್ಲದ ನಯವಾದ ನಳಿಗೆಯ ಕೋವಿ. ಲಿವರ್ ರೈಫಲ್ ಆ ಸಾಲಿಗೆ ಸೇರುವುದಿಲ್ಲ.

ಗುರಿ: ಮಣಿ, ಕಚ್ಚು, ರಂಧ್ರ

ಕೋವಿಯ ತುದಿಯಲ್ಲಿ ಸಾಮಾನ್ಯವಾಗಿ ಒಂದು ಮಣಿ ಮಾತ್ರ ಇರುತ್ತದೆ. ಚರೆ ಹರಡಿಕೊಂಡು ಹೋಗುವುದರಿಂದ ಕೋವಿ ಎತ್ತ ಮುಖ ಮಾಡಿದೆ ಎಂದು ಗೊತ್ತಾದರೆ ಸಾಕು ಎಂಬ ಲೆಕ್ಕ. ರೈಫಲ್‌ನಲ್ಲಿ ಹೋಗುವುದು ಒಂದೇ ಗುಂಡು. ಹಾಗಾಗಿ ಮುಂದೆ ಮಣಿ, ಹಿಂದೆ ಕಚ್ಚು, ಎರಡೂ ಬೇಕು. ಹಳೆಯ ಲಿವರ್ ರೈಫಲ್‌ಗಳಲ್ಲಿ ಹಿಂದಿನ ಕಚ್ಚಿಗೆ ಜಿಂಕೆಯ ಕೊಂಬಿನಂತೆ ಎರಡು ಕಿವಿಗಳಿರುತ್ತಿದ್ದವು. ಅದರಡಿ ಮೆಟ್ಟಿಲು ಮೆಟ್ಟಿಲಾದ ಸಣ್ಣ ತಗಡು. ದೂರ ಹೆಚ್ಚಿದಂತೆ ಅದನ್ನು ಹಿಂದೆ ಮುಂದೆ ಸರಿಸಿ ಕಚ್ಚನ್ನು ಎತ್ತರಿಸುತ್ತಿದ್ದರು.

ಯಾಕೆ ಎತ್ತರಿಸಬೇಕು? ಗುಂಡು ನೇರ ಗೆರೆಯಲ್ಲಿ ಹೋಗುವುದಿಲ್ಲ. ನಳಿಗೆ ಬಿಟ್ಟ ಕ್ಷಣದಿಂದ ಭೂಮಿ ಅದನ್ನು ಕೆಳಗೆ ಎಳೆಯುತ್ತದೆ, ಮರದಿಂದ ಬೀಳುವ ಮಾವಿನಕಾಯಿಯನ್ನು ಎಳೆದಂತೆಯೇ. ಸೆಕೆಂಡಿಗೆ 400 ಮೀಟರ್ ವೇಗದ ಗುಂಡು 100 ಮೀಟರ್ ಹೋಗಲು ಕಾಲು ಸೆಕೆಂಡ್ ಬೇಕು. ಆ ಕಾಲು ಸೆಕೆಂಡಿನಲ್ಲಿ ಅದು ಸುಮಾರು 30 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಗಾಳಿಯ ತಡೆ ಸೇರಿದರೆ ಇನ್ನೂ ಹೆಚ್ಚು. ಆ ಇಳಿತವನ್ನು ಸರಿದೂಗಿಸಲು ನಳಿಗೆಯನ್ನು ತುಸು ಮೇಲ್ಮುಖ ಮಾಡುವುದೇ ಎತ್ತರಿಸಿದ ಕಚ್ಚಿನ ಕೆಲಸ.

ಇನ್ನೊಂದು ಲೆಕ್ಕ. ಮುಂದಿನ ಮಣಿಗೂ ಹಿಂದಿನ ಕಚ್ಚಿಗೂ ಅರ್ಧ ಮೀಟರ್ ಅಂತರ ಎಂದುಕೊಳ್ಳಿ. ಮಣಿ ಬರೀ 1 ಮಿಲಿಮೀಟರ್ ಆಚೀಚೆ ಆದರೆ 100 ಮೀಟರ್ ದೂರದಲ್ಲಿ ಗುಂಡು 20 ಸೆಂಟಿಮೀಟರ್ ತಪ್ಪುತ್ತದೆ. ಕಣ್ಣಿಗೂ ಒಂದು ಕಷ್ಟವಿದೆ. ಕಚ್ಚು, ಮಣಿ, ಗುರಿ ಮೂರೂ ಬೇರೆ ಬೇರೆ ದೂರದಲ್ಲಿವೆ, ಕಣ್ಣು ಒಂದು ಸಲಕ್ಕೆ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ನೋಡಬಲ್ಲದು. ನಲವತ್ತೈದು ದಾಟಿದವರಿಗೆ ಹತ್ತಿರದ ಕಚ್ಚು ಮಸುಕು. ಹಿಂದೆ ಕಚ್ಚಿನ ಬದಲು ಸಣ್ಣ ರಂಧ್ರ ಇಟ್ಟರೆ ಇದು ಸುಧಾರಿಸುತ್ತದೆ. ಕನ್ನಡಕ ಮರೆತಾಗ ಬೆರಳ ಸಂದಿಯಿಂದ ನೋಡಿದರೆ ಅಕ್ಷರ ಕಾಣುವುದಕ್ಕೂ ಕಾರಣ ಇದೇ.

ಸ್ಕೋಪ್ ಹಾಕಿದರೆ ಎಲ್ಲ ಸಲೀಸೇ? ಹಳೆಯ ವಿಂಚೆಸ್ಟರ್‌ಗಳು ಖಾಲಿ ತೋಟೆಯನ್ನು ನೇರ ಮೇಲಕ್ಕೆ ಎಸೆಯುತ್ತಿದ್ದವು, ಸ್ಕೋಪ್ ಅಡ್ಡ ಬರುತ್ತಿತ್ತು. 1948ರಲ್ಲಿ ಬಂದ ಮಾರ್ಲಿನ್ 336 ಪಕ್ಕಕ್ಕೆ ಎಸೆಯುವಂತಿದ್ದರಿಂದ ಸ್ಕೋಪ್ ಕೂರಿಸುವುದು ಸುಲಭವಾಯಿತು. ಆದರೆ ಸ್ಕೋಪ್ ಇರಲಿ, ಮಣಿ ಇರಲಿ, ಗುರಿಯ ಹಿಂದೆ ಯಾರಿದ್ದಾರೆ ಎಂದು ಅದು ಹೇಳುವುದಿಲ್ಲ.

ಫಾರ್ವರ್ಡ್ 1: 'ಕತ್ತಲಲ್ಲಿ ಟಾರ್ಚಿಗೆ ಕಣ್ಣು ಹೊಳೆದರೆ ಅದು ಹಂದಿ'

ತಪ್ಪು. ಕತ್ತಲಲ್ಲಿ ಕಣ್ಣು ಹೊಳೆಯುವುದು ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರ ಇರುವ ಪ್ರಾಣಿಗಳಿಗೆ. ದನ, ನಾಯಿ, ಬೆಕ್ಕು, ಜಿಂಕೆ, ಚಿರತೆಗೆ ಅದು ಇದೆ. ಹಂದಿಗೆ ಇಲ್ಲ. ಮನುಷ್ಯನಿಗೂ ಇಲ್ಲ. ಅಂದರೆ ಹೊಲದಲ್ಲಿ ಫಳಫಳ ಹೊಳೆದ ಕಣ್ಣು ಪಕ್ಕದ ಮನೆಯ ಹಸುವಿನದ್ದಾಗಿರಬಹುದು. ಕಣ್ಣು ಹೊಳೆಯದೆ ಗಿಡ ಅಲುಗಿದ್ದರೆ ಹಂದಿ ಇರಬಹುದು, ನೀರು ಬಿಡಲು ಬಂದ ನೆರೆಯವನೂ ಇರಬಹುದು. ಇಡೀ ದೇಹ ಕಂಡು ಖಾತ್ರಿಯಾಗದೆ ಟ್ರಿಗರಿನ ಮೇಲೆ ಬೆರಳಿಡಬಾರದು ಎನ್ನುವುದು ಇದಕ್ಕೇ.

ಫಾರ್ವರ್ಡ್ 2: 'ಕೊಡಗಿನಂತೆ ಕರ್ನಾಟಕದ ಎಲ್ಲ ರೈತರಿಗೂ ಲೈಸೆನ್ಸ್ ವಿನಾಯಿತಿ'

ಸುಳ್ಳು. ವಿನಾಯಿತಿ ಇರುವುದು ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉತ್ತರ ಕನ್ನಡಕ್ಕೆ ಅದು ಅನ್ವಯಿಸದು. ಪರವಾನಗಿ ಇಲ್ಲದ ನಾಡಕೋವಿ ಇಟ್ಟುಕೊಂಡರೆ, 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು ಮತ್ತು ದಂಡ.

ಕೋವಿಗೆ ಅನುಮತಿ ಕೇಳುವ ಪದ್ಧತಿ ನಮ್ಮಲ್ಲಿ ಕಹಿ ನೆನಪಿನೊಂದಿಗೇ ಬಂದದ್ದು ಎಂಬುದು ನಿಜ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಎದುರು ನಿಂತರು. ಆದರೆ ಆ ಹೆಮ್ಮೆಯ ಕಥೆ ಇವತ್ತಿನ ಕೇಸಿಗೆ ಜಾಮೀನು ಆಗುವುದಿಲ್ಲ.

ಫಾರ್ವರ್ಡ್ 3: 'ಲೈಸೆನ್ಸ್ ಇದ್ದರೆ ಬೆಳೆಗೆ ಬಂದ ಪ್ರಾಣಿ ಹೊಡೆಯಬಹುದು'

ಇದು ಅರ್ಧ ಸತ್ಯವೂ ಅಲ್ಲ. ಕೋವಿ ಇಟ್ಟುಕೊಳ್ಳಲು ಒಂದು ಕಾನೂನು, ಪ್ರಾಣಿಗೆ ಇನ್ನೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆನೆ, ಹುಲಿ, ಚಿರತೆ, ಕಾಟಿ, ನವಿಲು ಮೊದಲ ಅನುಸೂಚಿಯಲ್ಲಿವೆ. ಕಾಡುಹಂದಿ ಎರಡನೆಯದರಲ್ಲಿದೆ. ಬೆಳೆಗೆ ಹಾನಿ ಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ಕೊಡಬೇಕು. ಬಾಯಿಮಾತಿನ ಒಪ್ಪಿಗೆ ಲೆಕ್ಕಕ್ಕಿಲ್ಲ. ಗುರಿ ತಪ್ಪಿದರೂ ಪಾರಾಗುವುದಿಲ್ಲ, ಕೊಲ್ಲುವ ಯತ್ನವೂ ಬೇಟೆಯೇ ಎಂದು ಕಾಯಿದೆ ಹೇಳುತ್ತದೆ. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ್ದಕ್ಕೆ ಮಾತ್ರ ರಕ್ಷಣೆ ಉಂಟು.

ದಾಂಡೇಲಿ, ಜೋಯಿಡಾದವರು ಇನ್ನೂ ಒಂದು ವಿಷಯ ತಿಳಿದಿರಬೇಕು. 2007ರಲ್ಲಿ ದಾಂಡೇಲಿ-ಅಣಶಿ ಎಂದು ಘೋಷಣೆಯಾಗಿ 2015ರಲ್ಲಿ ಹೆಸರು ಬದಲಾದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ದಾಂಡೇಲಿ ವನ್ಯಜೀವಿ ಧಾಮವೂ ಸೇರಿದೆ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಕೋವಿ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವುದೇ ಅಪರಾಧ, ಅದು ಪರವಾನಗಿ ಇರುವ ಕೋವಿಯಾದರೂ ಸರಿ.

ಫಾರ್ವರ್ಡ್ 4: 'ಗಾಳಿಯಲ್ಲಿ ಗುಂಡು ಹಾರಿಸಿದರೆ ಅಪಾಯವಿಲ್ಲ'

ಮೇಲೆ ಹೋದದ್ದು ಎಲ್ಲೋ ಒಂದು ಕಡೆ ಕೆಳಗೆ ಬರಲೇಬೇಕು. ಸಣ್ಣ ಚರೆ ಗಾಳಿಯ ತಡೆಗೆ ಬೇಗ ವೇಗ ಕಳೆದುಕೊಳ್ಳುತ್ತದೆ. ಆದರೆ ಒಂಟಿ ಗುಂಡು, ದಪ್ಪ ಚರೆ ಹಾಗಲ್ಲ. ನೆಟ್ಟಗೆ ಅಲ್ಲದೆ ಓರೆಯಾಗಿ ಹಾರಿಸಿದರೆ ಗುಂಡು ಅಪಾಯಕಾರಿ ವೇಗದಲ್ಲೇ ದೂರದಲ್ಲಿ ಬೀಳಬಹುದು. ಮದುವೆ, ಜಾತ್ರೆಯ ಸಂಭ್ರಮಕ್ಕೆ ಅಥವಾ ಅಜಾಗರೂಕತೆಯಿಂದ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆನೆಗೆ 'ಬರೀ ಚರೆ' ಹೊಡೆದು ಓಡಿಸುವವರೂ ಇದ್ದಾರೆ. ಚರೆ ಆನೆಯನ್ನು ಕೊಲ್ಲದು, ಚರ್ಮದೊಳಗೆ ಉಳಿದು ಗಾಯ ಕೀವಾಗುತ್ತದೆ. ನೋವಿನಲ್ಲಿರುವ ಆನೆ ಮರುದಿನ ಎದುರಾಗುವುದು ಹೊಡೆದವನಿಗೇ ಅಲ್ಲ, ಹಾಲು ಹಾಕಲು ಹೊರಟವರಿಗೆ, ಶಾಲೆಗೆ ನಡೆದುಹೋಗುವ ಮಕ್ಕಳಿಗೆ.

ಹಾಗಾದರೆ ಏನು ಮಾಡಬೇಕು?

ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ಹೋದವರಿಗೆ ಕಾನೂನು ಪಾಠ ಸಮಾಧಾನ ಕೊಡುವುದಿಲ್ಲ, ನಮಗೆ ಗೊತ್ತು. ಆದರೂ ಕೈಯಲ್ಲಿರುವ ದಾರಿಗಳು ಇವು:

- ಆನೆ, ಹಂದಿ ಹೊಲಕ್ಕೆ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ತುರ್ತಿಗೆ 112, ಗಾಯಕ್ಕೆ 108.
- ಬೆಳೆ ಹಾನಿಯಾದ ಕೂಡಲೇ ತೆರವು ಮಾಡಬೇಡಿ. ಮೊದಲು ಫೋಟೋ ತೆಗೆಯಿರಿ, ವಲಯ ಅರಣ್ಯ ಕಚೇರಿಗೆ ತಿಳಿಸಿ, ಪರಿಹಾರಕ್ಕೆ ಅರ್ಜಿ ಕೊಡಿ.
- ಬೇಲಿಗೆ ನೇರ ವಿದ್ಯುತ್ ಕೊಡಬೇಡಿ. ಸೌರ ಬೇಲಿಯ ಮಿಡಿತದ ಹೊಡೆತ ಬೇರೆ, ಕಂಬದಿಂದ ಎಳೆದ ತಂತಿ ಬೇರೆ. ಎರಡನೆಯದು ಕೊಲ್ಲುತ್ತದೆ.
- ಕೋವಿ ಇದ್ದವರು ಅದನ್ನು ಸದಾ ತುಂಬಿದೆ ಎಂದೇ ತಿಳಿದು ನಡೆದುಕೊಳ್ಳಿ. ತುಂಬಿಟ್ಟು ಗೋಡೆಗೆ ತೂಗುಹಾಕಬೇಡಿ. ಮದ್ದು, ಕೇಪು ಮಕ್ಕಳ ಕೈಗೆ ಸಿಗದಂತೆ ಬೇರೆ ಕಡೆ ಬೀಗ ಹಾಕಿಡಿ. ತುಕ್ಕು ಹಿಡಿದ ನಳಿಗೆಯನ್ನು ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಬಳಸಬೇಡಿ.
- ಪರವಾನಗಿಯ ಅವಧಿ, ಅದು ಯಾವ ಪ್ರದೇಶಕ್ಕೆ ಮಾನ್ಯ ಎಂಬುದನ್ನು ಇವತ್ತೇ ಓದಿ. ಅಜ್ಜನ ಹೆಸರಿನ ಪರವಾನಗಿ ಮೊಮ್ಮಗನ ಕೈಗೆ ತಾನಾಗಿ ಬರುವುದಿಲ್ಲ.

'ಲೈಸೆನ್ಸ್ ಬೇಕಿಲ್ಲ' ಎನ್ನುವ ಸಂದೇಶ ನಿಮ್ಮ ಊರಿನ ಗುಂಪಿಗೆ ಬಂದರೆ, ಅದರ ಕೆಳಗೆ ಈ ಲೇಖನ ಹಾಕಿ. ಕಳಿಸಿದವರು ಮಾವನೋ ಕಾಕಾನೋ ಆಗಿದ್ದರೆ ಗುಂಪಿನಲ್ಲಿ ವಾದ ಬೇಡ, ಫೋನ್ ಮಾಡಿ ಹೇಳಿ. ಅವರ ಮನೆಯಲ್ಲೂ ಒಂದು ಹಳೆಯ ಕೋವಿ ಇದ್ದರೆ, ಅದು ತುಂಬಿದೆಯೋ ಖಾಲಿಯೋ ಎಂದು ಆ ಫೋನಿನಲ್ಲೇ ಕೇಳಿ.